ಐದು ಹೊಳೆ ದಾಟಿ ಹೋದ ದಿಬ್ಬಣ

ಭಾಗ 1: ಕ್ಯಾಬ್ ಬುಕ್ ಮಾಡೋ ಮುಂಚೆ ಇದನ್ನ ಓದಿ

ಕ್ಲಾಸ್ ಗ್ರೂಪಲ್ಲಿ ಮೂರು ದಿನದಿಂದ ಒಂದೇ ಚರ್ಚೆ. ನಮ್ಮ ದೊಡ್ಡಪ್ಪನ ಮಗಳ ಮದುವೆ ಗೋಕರ್ಣದ ಹತ್ತಿರ ಬೀಚಲ್ಲಿ ಅಂತ ನಾನು ಪತ್ರಿಕೆ ಹಾಕಿದ್ದೇ ತಡ, "ಹುಬ್ಬಳ್ಳಿಯಿಂದ ಕ್ಯಾಬ್‌ಗೆ ಎಷ್ಟಾಗುತ್ತೆ?", "ಎಲ್ಲರೂ ದುಡ್ಡು ಹಾಕಿ ಟಿಟಿ ಮಾಡೋಣ್ವಾ?" ಅಂತ ಶುರುವಾಯ್ತು. ಇಬ್ಬರು "ದುಡ್ಡಿಲ್ಲ, ಬರಲ್ಲ" ಅಂತಾನೂ ಬರೆದ್ರು. ಅದನ್ನ ಓದಿ ಬೇಜಾರಾಯ್ತು.

ನಾನು ಹೇಳೋದು ಇಷ್ಟೇ. ಕ್ಯಾಬ್ ಬೇಡ. ಸರ್ಕಾರಿ ಬಸ್ಸಲ್ಲಿ ಬನ್ನಿ, ರೈಲಲ್ಲಿ ಬನ್ನಿ, ಟೆಂಪೋದಲ್ಲಿ ಬನ್ನಿ, ಕೊನೆಗೆ ಬಾರ್ಜ್ ಹತ್ತಿ ಹೊಳೆ ದಾಟಿ ಬನ್ನಿ. ದುಡ್ಡು ಉಳಿಯುತ್ತೆ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ಹೇಳೋಕೆ ಈ ವಾರದ ಸರಣಿ ಪೂರ್ತಿ ಬೇಕು. ಈ ಕರಾವಳಿಯಲ್ಲಿ ಒಂದು ಮದುವೆಗೆ ಹೋಗಿ ಮುಟ್ಟೋದು ಅನ್ನೋದೇ ಒಂದು ದೊಡ್ಡ ಇತಿಹಾಸ. ಯಾರು ಮುಟ್ಟಿದರು, ಯಾರು ದಡದಲ್ಲೇ ನಿಂತರು ಅನ್ನೋದು ಯಾವ ಪಠ್ಯಪುಸ್ತಕದಲ್ಲೂ ಬರಲ್ಲ. ಆದರೆ ನಮ್ಮ ಅಜ್ಜಿಗೆ ಗೊತ್ತು.

ಸೇವ್ ಮಾಡಿಟ್ಟುಕೊಳ್ಳಿ, ಬಸ್ಸಲ್ಲಿ ಕೂತು ಓದಬಹುದು.

ಭಾಗ 2: ಮೊದಲು ನಕ್ಷೆ ತೆಗೀರಿ

ಫೋನಲ್ಲಿ ಮ್ಯಾಪ್ ಓಪನ್ ಮಾಡಿ ಉತ್ತರ ಕನ್ನಡ ಜಿಲ್ಲೆ ನೋಡಿ. ಎಡಕ್ಕೆ ಸಮುದ್ರ, ಬಲಕ್ಕೆ ಘಟ್ಟ. ಮಧ್ಯದಲ್ಲಿ ಒಂದು ಸಣ್ಣ ಪಟ್ಟಿ. ಈಗ ಮೇಲಿಂದ ಕೆಳಗೆ ನೀಲಿ ಗೆರೆಗಳನ್ನ ಎಣಿಸಿ. ಕಾರವಾರದಲ್ಲಿ ಕಾಳಿ. ಅಂಕೋಲಾ ದಾಟಿದರೆ ಗಂಗಾವಳಿ. ಗೋಕರ್ಣ ಮತ್ತು ಕುಮಟಾ ಮಧ್ಯೆ ಅಘನಾಶಿನಿ. ಹೊನ್ನಾವರದಲ್ಲಿ ಶರಾವತಿ. ಭಟ್ಕಳದ ಕಡೆ ವೆಂಕಟಾಪುರ ಹೊಳೆ. ದೊಡ್ಡವು ಐದು. ನಡುವಿನ ಹಳ್ಳ, ಕೋಡಿ, ಗಜನಿಗಳ ಲೆಕ್ಕ ಬೇರೆ.

ಎಲ್ಲ ಹೊಳೆಗಳೂ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತವೆ. ಘಟ್ಟದಲ್ಲಿ ಕಿರಿದಾಗಿರುವ ಹೊಳೆ ಸಮುದ್ರ ಸೇರುವ ಜಾಗದಲ್ಲಿ ಕೆರೆಯ ಹಾಗೆ ಅಗಲ. ಅಂದರೆ ಕರಾವಳಿಯ ಉದ್ದಕ್ಕೂ, ಉತ್ತರದಿಂದ ದಕ್ಷಿಣಕ್ಕೆ ಹೋಗಬೇಕಾದವನಿಗೆ ಪ್ರತಿ ಹೊಳೆಯೂ ಅದರ ಅತಿ ಅಗಲವಾದ ಜಾಗದಲ್ಲೇ ಎದುರಾಗುತ್ತೆ.

ಮದುವೆ ಸಂಬಂಧಗಳು ಮಾತ್ರ ಬೆಳೆಯೋದು ಉತ್ತರ-ದಕ್ಷಿಣವಾಗಿಯೇ. ಒಂದೇ ಊಟ, ಒಂದೇ ಮಾತು, ಒಂದೇ ದೇವರು ಇರೋದು ಕಡಲ ದಂಡೆ ಉದ್ದಕ್ಕೂ. ಹಾಗಾಗಿ ನಮ್ಮ ಮನೆ ಹಿರಿಯರು ದೂರವನ್ನ ಮೈಲಿಯಲ್ಲಿ ಹೇಳ್ತಿರಲಿಲ್ಲ. "ಅವಳನ್ನ ಎರಡು ಹೊಳೆ ಆಚೆ ಕೊಟ್ಟಿದ್ದು" ಅಂತಿದ್ದರು. ಎರಡು ಹೊಳೆ ಅಂದರೆ ಎರಡು ತಾರಿ, ಎರಡು ಕಡೆ ಕಾಯೋದು, ಎರಡು ಸಲ ಮಕ್ಕಳನ್ನ ಎತ್ತಿ ದೋಣಿಗೆ ಇಳಿಸೋದು. ತಾರಿ ಅಂದರೆ ಹೊಳೆ ದಾಟಿಸುವ ದೋಣಿ ನಿಲ್ಲುವ ಜಾಗ. ದಕ್ಷಿಣ ಕನ್ನಡದ ಕಡೆ ಇದಕ್ಕೆ ಕಡವು ಅಂತಾರೆ. ಆ ಕಡೆ ಫ್ರೆಂಡ್ಸ್ ಇದ್ದರೆ ಅವರ ಮನೇಲಿ ಕೇಳಿ ನೋಡಿ.

ಭಾಗ 3: ಇಬ್ನ್ ಬತೂತ ಕಂಡ ರಸ್ತೆ

14ನೇ ಶತಮಾನದ ನಲವತ್ತರ ದಶಕದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಈ ದಂಡೆಗೆ ಬಂದಿದ್ದ. ಹೊನ್ನಾವರದಲ್ಲಿ ಉಳಿದಿದ್ದ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ ಅಂತ ಬರೆದಿದ್ದಾನೆ. ಈ ಮಾತು ನೀವು ಎಲ್ಲೋ ರೀಲ್‌ನಲ್ಲಿ ನೋಡಿರಬಹುದು. ಆದರೆ ಅವನು ರಸ್ತೆ ಬಗ್ಗೆ ಬರೆದದ್ದು ಅಷ್ಟಾಗಿ ಯಾರೂ ಹಂಚಿಕೊಳ್ಳಲ್ಲ.

ಗೋವಾದಿಂದ ಕೊಲ್ಲಂವರೆಗೆ ದಂಡೆಯ ಉದ್ದಕ್ಕೂ ಎರಡು ತಿಂಗಳ ದಾರಿ, ಪೂರ್ತಿ ಮರದ ನೆರಳು, ಅರ್ಧರ್ಧ ಮೈಲಿಗೆ ಬೆಂಚು ಇರುವ ಮರದ ಮನೆ, ಪಕ್ಕದಲ್ಲಿ ಬಾವಿ, ನೀರು ಕೊಡೋಕೆ ಒಬ್ಬ ಮನುಷ್ಯ ಅಂತ ಅವನು ವರ್ಣಿಸುತ್ತಾನೆ. ಇನ್ನೊಂದು ಮಾತು ಗಮನಿಸಿ. ಇಲ್ಲಿ ಯಾರೂ ಪ್ರಾಣಿ ಮೇಲೆ ಪ್ರಯಾಣ ಮಾಡಲ್ಲ, ಕುದುರೆ ಇರೋದು ಸುಲ್ತಾನನಿಗೆ ಮಾತ್ರ. ಉಳ್ಳವರು ಆಳುಗಳ ಹೆಗಲ ಮೇಲಿನ ಪಲ್ಲಕ್ಕಿಯಲ್ಲಿ ಹೋಗ್ತಾರೆ, ಉಳಿದವರು ನಡೀತಾರೆ.

ಇದನ್ನೇ ಆ ಕಾಲದ "ಲೋಕಲ್ ಟ್ರಾನ್ಸ್‌ಪೋರ್ಟ್" ಅನ್ನಿ. ಹೆಗಲು ಅಥವಾ ಕಾಲು. ನೆರಳು, ನೀರು ಎಲ್ಲರಿಗೂ ಸಿಕ್ತಿತ್ತು ನಿಜ, ಆದರೆ ನೀರು ಕೊಡೋದರಲ್ಲೂ ಭೇದ ಇತ್ತು ಅಂತ ಅವನೇ ಬರೀತಾನೆ. ಅವನ ಧರ್ಮದವರಿಗೆ ಪಾತ್ರೆ ಮುಟ್ಟಿಸದೆ ಬೊಗಸೆಗೆ ಸುರಿಯುತ್ತಿದ್ದರಂತೆ. ಹಳೇ ಕಾಲದ ದಾರಿ ಚಂದ ಅಂತ ಹೇಳುವಾಗ ಇದನ್ನೂ ಸೇರಿಸಿ ಹೇಳಬೇಕು.

1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವಾದಿಂದ ಇಕ್ಕೇರಿಗೆ ಹೊರಟಾಗ ದಂಡೆ ಹಿಡಿದು ನಡೆಯಲಿಲ್ಲ. ಹೊನ್ನಾವರದವರೆಗೆ ಕಡಲಲ್ಲಿ ಬಂದ, ಅಲ್ಲಿಂದ ದೋಣಿಯಲ್ಲಿ ಶರಾವತಿ ಹಿಡಿದು ಗೇರುಸೊಪ್ಪೆ ಸೇರಿದ, ಆಮೇಲೆ ಘಟ್ಟ ಹತ್ತಿದ. ನಕ್ಷೆ ನೋಡಿ, ಅರ್ಥವಾಗುತ್ತೆ. ಹೊಳೆ ಉದ್ದಕ್ಕೂ ಹೋಗೋದು ಸುಲಭ, ಅಡ್ಡ ದಾಟೋದು ಕಷ್ಟ.

ಭಾಗ 4: ರಸ್ತೆ ಮಾಡಿದ್ದು ಹತ್ತಿಗೆ, ಹೆಣ್ಣುಮಕ್ಕಳಿಗಲ್ಲ

ಬ್ರಿಟಿಷರು ಬಂದ ಮೇಲೆ ರಸ್ತೆ ಆಯ್ತಲ್ವಾ ಅಂತ ಕೇಳ್ತೀರಿ. ಆಯ್ತು, ಆದರೆ ಯಾವ ದಿಕ್ಕಿಗೆ?

1862ರಲ್ಲಿ ಉತ್ತರ ಕನ್ನಡವನ್ನ ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಆಗ ಅಮೆರಿಕದಲ್ಲಿ ಅಂತರ್ಯುದ್ಧ (1861–65) ನಡೀತಿತ್ತು. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರೋದು ನಿಂತಿತ್ತು. ಧಾರವಾಡ ಸೀಮೆಯ ಹತ್ತಿಗೆ ಭಾರಿ ಬೆಲೆ ಬಂತು. ಅದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು, ಅದಕ್ಕೇ ಮಾರುಕಟ್ಟೆಯಲ್ಲಿ "ಕುಮಟಾ ಹತ್ತಿ" ಅನ್ನೋ ಹೆಸರೇ ಬಿತ್ತು. ದೇವಿಮನೆ ಘಟ್ಟ, ಅರಬೈಲ್ ಘಟ್ಟ, ಈ ದಾರಿಗಳಲ್ಲೇ ನೀವೀಗ ಹುಬ್ಬಳ್ಳಿಯಿಂದ ಬರೋದು. ಮೂಟೆ ಘಟ್ಟ ಇಳಿದು ಬಂದರಿಗೆ ಮುಟ್ಟಬೇಕು, ಅಲ್ಲಿಂದ ಮುಂಬೈಗೆ ಹೋಗಬೇಕು. ಅಷ್ಟೇ ಲೆಕ್ಕ. ಅಂಕೋಲೆಯ ಮನೆಯಿಂದ ಹೊನ್ನಾವರದ ಮನೆಗೆ ಸೊಸೆ ಹೇಗೆ ಹೋಗ್ತಾಳೆ ಅನ್ನೋದು ಆ ಲೆಕ್ಕದಲ್ಲಿ ಇರಲಿಲ್ಲ.

ಹಾಗಾಗಿ ಮುಂಬೈ ಹತ್ತಿರವಾಯ್ತು, ಪಕ್ಕದ ತಾಲೂಕು ದೂರವೇ ಉಳೀತು. ಹೊಗೆ ಹಡಗನ್ನ ನಮ್ಮ ಕಡೆ ಆಗಬೋಟು ಅಂತಿದ್ದರು. ಸಣ್ಣ ಬಂದರುಗಳಲ್ಲಿ ಅದು ದಡಕ್ಕೆ ಬರ್ತಿರಲಿಲ್ಲ, ದೂರ ಕಡಲಲ್ಲೇ ನಿಲ್ತಿತ್ತು. ಜನ ಸಣ್ಣ ದೋಣಿಯಲ್ಲಿ ಹೋಗಿ ಹತ್ತಬೇಕಿತ್ತು.

ಆ ಆಗಬೋಟಿನ ಒಬ್ಬ ಪ್ರಯಾಣಿಕನ ಹೆಸರು ನಿಮಗೆಲ್ಲ ಗೊತ್ತು: ರವೀಂದ್ರನಾಥ ಠಾಕೂರ್. ಅವರ ಅಣ್ಣ ಸತ್ಯೇಂದ್ರನಾಥ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ಆಸುಪಾಸಿನ ತಮ್ಮ ಬಂದು ಉಳಿದ, ಬೆಳದಿಂಗಳಲ್ಲಿ ಕಾಳಿ ಹೊಳೆಯಲ್ಲಿ ದೋಣಿ ವಿಹಾರ ಮಾಡಿದ, "ಪ್ರಕೃತಿರ್ ಪ್ರತಿಶೋಧ್" ನಾಟಕ ಬರೆದ. ಅದರ ಕೆಲವು ಹಾಡು ಹುಟ್ಟಿದ್ದು ವಾಪಸ್ ಹೋಗುವಾಗ ಹಡಗಿನ ಡೆಕ್ ಮೇಲೆ. ಕಾರವಾರದಿಂದ ಹೋದ ಸ್ವಲ್ಪ ದಿನಕ್ಕೇ, 1883ರ ಡಿಸೆಂಬರ್ 9ರಂದು, ಅವರ ಮದುವೆ. ಕಾರವಾರದ ಬೀಚಿಗೆ ಈಗ ಅವರದೇ ಹೆಸರು.

ಭಾಗ 5: ಮುಹೂರ್ತವೂ ಕಡಲೂ

ಆಷಾಢದ ಏಕಾದಶಿಯಿಂದ ಕಾರ್ತಿಕದ ಏಕಾದಶಿವರೆಗೆ ಚಾತುರ್ಮಾಸ. ಮದುವೆ ಇಲ್ಲ. ತುಳಸಿ ಮದುವೆ ಆದ ಮೇಲೆ ಮನುಷ್ಯರ ಮದುವೆ ಶುರು. ಈ ಪದ್ಧತಿ ಕರಾವಳಿಯದ್ದು ಮಾತ್ರ ಅಲ್ಲ, ಹೆಚ್ಚಿನ ಕಡೆ ಇದೆ. ಆದರೆ ಕರಾವಳಿಯಲ್ಲಿ ಅದಕ್ಕೆ ಇನ್ನೊಂದು ಬಲ ಸಿಕ್ತು.

ಜೂನ್‌ನಲ್ಲಿ ಮಳೆ ಹಿಡಿದರೆ ಕರಾವಳಿಯ ಹಡಗುಗಳು ನಿಲ್ತಿದ್ದವು. ಹೊಳೆ ಕೆಂಪಗೆ ತುಂಬಿ ಹರೀತಿತ್ತು. ಶ್ರಾವಣದ ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟ ಮೇಲೆ ಮೀನುಗಾರರು ಮತ್ತೆ ನೀರಿಗೆ ಇಳೀತಿದ್ದರು. ಈಗಲೂ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಪಂಚಾಂಗ "ಬೇಡ" ಅಂದ ತಿಂಗಳಲ್ಲಿ ನೀರೂ "ಬೇಡ" ಅಂತಿತ್ತು.

ಅಪಾಯ ಇದ್ದದ್ದು ಅಂಚಿನಲ್ಲಿ. ಮೇ ಕೊನೆ ವಾರ. ಕೊನೆಯ ಮುಹೂರ್ತಗಳು ಅಲ್ಲೇ ಬೀಳ್ತಾವೆ, ಮಳೆಗಾಲದ ಮೊದಲ ಗಾಳಿಯೂ ಅಲ್ಲೇ ಏಳುತ್ತೆ. ನಮ್ಮ ಅಜ್ಜಿ ಕಥೆ ನಡೆದದ್ದು ಆ ವಾರದಲ್ಲೇ.

ಭಾಗ 6: ದಡದಲ್ಲಿ ನಿಂತವಳು

ಅಜ್ಜಿಯ ತವರು ಕಾಳಿ ಹೊಳೆಯ ಉತ್ತರ ದಡದಲ್ಲಿ, ಸದಾಶಿವಗಡದ ಕಡೆ. ಅದರಾಚೆ ಮಾಜಾಳಿ, ಅದರಾಚೆ ಗೋವಾ. ಅಜ್ಜಿ ಚಿಕ್ಕವಳಿದ್ದಾಗ ಗೋವಾ ಬೇರೆ ದೇಶ, ಪೋರ್ಚುಗೀಸರದ್ದು. 1955ರ ಆಗಸ್ಟ್ 15ರಂದು ಗೋವಾದೊಳಗೆ ಹೋದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಮೇಲೆ ಗಡಿಯ ಓಡಾಟ ಬಿಗಿಯಾಯ್ತು. 1961ರ ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆ ಆಗುವವರೆಗೆ ಆಚೆ ಕೊಟ್ಟ ಹೆಣ್ಣುಮಕ್ಕಳ ಸುದ್ದಿ ಸಿಗೋದೂ ಕಷ್ಟ ಇತ್ತು ಅಂತ ಅಜ್ಜಿ ಹೇಳ್ತಾರೆ. ಅದಕ್ಕೇ ಅವರಪ್ಪ ಅಜ್ಜಿಯನ್ನ ದಕ್ಷಿಣಕ್ಕೆ, ಕುಮಟಾ ಕಡೆ ಕೊಟ್ಟರು. ಗಡಿಯಿಂದ ತಪ್ಪಿಸಿಕೊಂಡರು, ಹೊಳೆಯಿಂದ ಆಗಲಿಲ್ಲ.

1970ರ ದಶಕದ ಆರಂಭ. ಅಜ್ಜಿಯ ತಂಗಿಗೆ ಮದುವೆ. ಗೋಧೂಳಿ ಮುಹೂರ್ತ. ಅಜ್ಜನಿಗೆ ಬಿಡುವಿಲ್ಲ ಅಂತ ಅಜ್ಜಿ ಮೈದುನನ ಜೊತೆ, ಕಂಕುಳಲ್ಲಿ ಹನ್ನೊಂದು ತಿಂಗಳ ಕೂಸು ಎತ್ತಿಕೊಂಡು ಬೆಳಿಗ್ಗೆಯೇ ಬಸ್ಸು ಹತ್ತಿದರು. ಅಂಕೋಲೆ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಕೋಡಿಬಾಗದ ತಾರಿಗೆ ಮುಟ್ಟಿದಾಗ ಪಶ್ಚಿಮದಲ್ಲಿ ಕಪ್ಪು ಮೋಡ, ನೀರೆಲ್ಲ ಬಿಳಿ ನೊರೆ. ದೋಣಿಯನ್ನ ಆಗಲೇ ಮೇಲೆ ಎಳೆದು ಕಟ್ಟಿದ್ದರು.

ಅಜ್ಜಿ ಬೇಡಿಕೊಂಡರಂತೆ. "ನನ್ನ ತಂಗಿ ಮದುವೆ ಅಣ್ಣಾ, ಎಷ್ಟಾದರೂ ಕೊಡ್ತೆ." ದೋಣಿಯವರು ಒಪ್ಪಲಿಲ್ಲ. "ತಂಗೀ, ದುಡ್ಡಿನ ಮಾತಲ್ಲ. ಕೂಸು ಐತೆ ನಿನ್ನ ಕೈಯಾಗೆ" ಅಂದರಂತೆ.

ಮಳೆ ಹೊಡೆದು ಗಾಳಿ ಇಳಿಯುವಾಗ ಕತ್ತಲಾಗಿತ್ತು. ಹೊಳೆ ಆಚೆ ಪೆಟ್ರೋಮ್ಯಾಕ್ಸ್ ದೀಪಗಳು ಕಾಣ್ತಿದ್ದವು. ಗಾಳಿ ನಿಂತಾಗ ವಾಲಗದ ಸದ್ದು ನೀರಿನ ಮೇಲೆ ತೇಲಿ ಬಂತು. ಧಾರೆ ಆಗ್ತಾ ಇದೆ ಅಂತ ಅಜ್ಜಿಗೆ ಗೊತ್ತಾಯ್ತು. "ದೀಪ ಕಾಣ್ತದೆ, ವಾಲಗ ಕೇಳ್ತದೆ, ನಾ ಮಾತ್ರ ಇಲ್ಲಿ" ಅಂತ ಈ ಕಥೆ ಹೇಳಿದಾಗೆಲ್ಲ ಇಷ್ಟಕ್ಕೆ ನಿಲ್ಲಿಸ್ತಾರೆ. ಮುಂದಿನದನ್ನ ನಾವೇ ಕೇಳಬೇಕು.

ರಾತ್ರಿ ದೋಣಿಯವರ ಮನೆ ಜಗಲಿಯಲ್ಲಿ ಮಲಗಿದರು. ಅವರ ಹೆಂಡತಿ ಕೂಸಿಗೆ ಗಂಜಿ ಕೊಟ್ಟರು. ಬೆಳಿಗ್ಗೆ ಹೊಳೆ ಏನೂ ಆಗದ ಹಾಗೆ ಸುಮ್ಮನಿತ್ತು. ಅಜ್ಜಿ ದೋಣಿ ಹತ್ತಲು ಸೆರಗು ಸಿಕ್ಕಿಸಿಕೊಳ್ಳುವಷ್ಟರಲ್ಲಿ ಆಚೆ ದಡದಿಂದ ದೋಣಿಗಳು ಹೊರಟವು. ದಿಬ್ಬಣ! ಮದುಮಗಳು ಗಂಡನ ಮನೆಗೆ, ಅಂಕೋಲೆಗೆ ಹೋಗಬೇಕಲ್ಲ. ಅವಳೂ ಇದೇ ತಾರಿಗೆ ಬಂದು ಇಳಿಯಬೇಕು.

ಅಕ್ಕ-ತಂಗಿ ಸಿಕ್ಕಿದ್ದು ಆ ಕೆಸರು ದಡದಲ್ಲಿ. ಅಜ್ಜಿ ಅಲ್ಲೇ ತಂಗಿಗೆ ಉಡಿ ತುಂಬಿದರು. ಅಕ್ಕಿ, ಕಾಯಿ, ರವಿಕೆ ಕಣ. ದೋಣಿಯವರ ಹೆಂಡತಿ ಕುಂಕುಮ ತಂದು ಕೊಟ್ಟರು.

ಆ ಕೂಸು ಯಾರು ಗೊತ್ತಾ? ನಮ್ಮ ದೊಡ್ಡಪ್ಪ. ನೀವು ಬರ್ತಿರೋದು ಅವರ ಮಗಳ ಮದುವೆಗೆ.

ಭಾಗ 7: ಸೇತುವೆ ಬಂತು, ರೈಲು ಬಂತು

ಕಾರವಾರ ಮತ್ತು ಸದಾಶಿವಗಡದ ಮಧ್ಯೆ ಕಾಳಿಗೆ ರಸ್ತೆ ಸೇತುವೆ ಆದದ್ದು 1980ರ ದಶಕದಲ್ಲಿ. ತಾರಿಯಲ್ಲಿ ಅರ್ಧ ದಿನ ತಿನ್ನುತ್ತಿದ್ದ ದಾರಿ ಬಸ್ಸಲ್ಲಿ ಕೆಲವೇ ನಿಮಿಷದ್ದಾಯ್ತು. "ಸೇತುವೆ ಮೇಲೆ ಮೊದಲನೇ ಸಲ ಹೋದಾಗ ಕಿಟಕಿಯಿಂದ ತಾರಿ ಹುಡುಕಿದೆ" ಅಂತಾರೆ ಅಜ್ಜಿ.

ರೈಲಿನ ಕಥೆ ಇನ್ನೂ ನಿಧಾನ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ದಕ್ಷಿಣದ ಕಡೆಯಿಂದ. ಅಲ್ಲಿಂದ ಉತ್ತರಕ್ಕೆ ಉಡುಪಿವರೆಗೆ ಬರೋಕೆ 1993ರ ಮಾರ್ಚ್ ಆಯ್ತು. ಲೆಕ್ಕ ಹಾಕಿ, 86 ವರ್ಷ! ಕಾರಣ ಮತ್ತದೇ, ಎಲ್ಲ ಹೊಳೆಗಳನ್ನೂ ಅಡ್ಡ ದಾಟಬೇಕು, ಗುಡ್ಡ ಕೊರೀಬೇಕು.

ಕೊಂಕಣ ರೈಲ್ವೆ ನಿಗಮ 1990ರಲ್ಲಿ ಆಯ್ತು. ಆಗ ರೈಲ್ವೆ ಮಂತ್ರಿ ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಕೆಲಸದ ಮುಂದಾಳು ಇ. ಶ್ರೀಧರನ್. ಕರ್ನಾಟಕ ಸರ್ಕಾರವೂ ಬಂಡವಾಳ ಹಾಕಿತು. 1998ರ ಜನವರಿ 26ರಂದು ಪೂರ್ತಿ ಮಾರ್ಗ ತೆರೆಯಿತು. ಇಡೀ ಮಾರ್ಗದ ಅತಿ ಉದ್ದದ ಸೇತುವೆ ಇರೋದು ನಮ್ಮ ಹೊನ್ನಾವರದಲ್ಲಿ, ಶರಾವತಿ ಮೇಲೆ. 2,065.8 ಮೀಟರ್. ಎರಡು ಕಿಲೋಮೀಟರಿಗೂ ಜಾಸ್ತಿ! ಆ ಕಡೆ ರೈಲಲ್ಲಿ ಹೋಗುವವರು ಫೋನ್ ಕೆಳಗಿಟ್ಟು ಕಿಟಕಿ ಹತ್ತಿರ ಕೂರಿ. ಈ ಅಗಲವನ್ನ ಜನ ದೋಣಿಯಲ್ಲಿ ದಾಟ್ತಿದ್ದರು.

ಈ ಮಾರ್ಗದಲ್ಲಿ ಮಂಗಳೂರು-ಮುಂಬೈ ರೈಲಿಗೆ ಇಟ್ಟ ಹೆಸರು ಮತ್ಸ್ಯಗಂಧ. ಮಹಾಭಾರತದ ಸತ್ಯವತಿಯ ಹೆಸರು. ಅವಳು ಬೆಸ್ತರ ನಾಯಕನ ಮನೆ ಮಗಳು, ಅಪ್ಪನ ಮಾತಿನಂತೆ ಯಮುನೆಯಲ್ಲಿ ಜನರನ್ನ ದೋಣಿಯಲ್ಲಿ ದಾಟಿಸುತ್ತಿದ್ದವಳು. ಶಂತನು ಅವಳನ್ನ ಕಂಡು ಮದುವೆ ಕೇಳಿದ್ದೂ ಹೊಳೆ ದಡದಲ್ಲೇ. ತಾರಿಗಳ ಕಾಲ ಮುಗಿಸಿದ ರೈಲಿಗೆ ದೋಣಿ ನಡೆಸುವ ಹುಡುಗಿ ಹೆಸರು! ಇಟ್ಟವರ ಮನಸ್ಸಲ್ಲಿ ಬರೀ ಮೀನು ಇತ್ತೋ ಏನೋ, ನನಗಂತೂ ಪ್ರತಿ ಸಲ ಅಜ್ಜಿಯ ದೋಣಿಯವರೇ ನೆನಪಾಗ್ತಾರೆ.

ಭಾಗ 8: ಇಷ್ಟೆಲ್ಲ ಆದ ಮೇಲೂ

ಸೇತುವೆ ಅಂದರೆ ಶಾಶ್ವತ ಅಂತ ನಾವು ಅಂದುಕೊಂಡಿದ್ವಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿಯಿತು. ರಸ್ತೆ ಬದಿಯ ಚಹಾ ಅಂಗಡಿಯಲ್ಲಿದ್ದವರು, ಲಾರಿ ನಿಲ್ಲಿಸಿಕೊಂಡಿದ್ದವರು ಮಣ್ಣಿನ ಜೊತೆ ಗಂಗಾವಳಿ ಪಾಲಾದರು. ಸರಿಯಾಗಿ 22 ದಿನಕ್ಕೆ, ಆಗಸ್ಟ್ 7ರ ನಡುರಾತ್ರಿ ಕಾಳಿಯ ಆ ಹಳೇ ಸೇತುವೆ ಮುರಿದು ಬಿತ್ತು. ಒಂದು ಲಾರಿ ನೀರಿಗೆ ಬಿತ್ತು, ಚಾಲಕನನ್ನ ಉಳಿಸಿದರು. ಪಕ್ಕದಲ್ಲಿ ಹೊಸ ಸೇತುವೆ ಇದ್ದದ್ದರಿಂದ ದಾರಿ ಪೂರ್ತಿ ಕಡಿದುಹೋಗಲಿಲ್ಲ.

ಬೆಳಿಗ್ಗೆ ಆ ವಿಡಿಯೋ ಅಜ್ಜಿಗೆ ತೋರಿಸಿದೆ. ಎರಡು ಸಲ ನೋಡಿದರು. "ನನ್ನ ಕಣ್ಣೆದುರೇ ಆಗಿದ್ದು, ನನ್ನ ಕಣ್ಣೆದುರೇ ಹೋಯ್ತಲ್ಲ ಮಗಾ" ಅಂದು ಫೋನ್ ವಾಪಸ್ ಕೊಟ್ಟರು. ಆಮೇಲೆ ಕೇಳಿದ್ದು ಒಂದೇ: "ದೋಣಿ ಇದ್ದಿದ್ದಾ ಯಾರ ಹತ್ರ ಆದ್ರೂ, ಅವನ್ನ ಎತ್ತೂಕೆ?"

ಒಳ್ಳೇದೂ ಒಂದಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಉಡುಪಿ, ಮಂಗಳೂರು ಕಡೆ ಖಾಸಗಿ ಬಸ್ಸೇ ಜಾಸ್ತಿ, ಅಲ್ಲಿ ಇದರ ಉಪಯೋಗ ಕಡಿಮೆ. ನಮ್ಮ ಕಡೆ ಸರ್ಕಾರಿ ಬಸ್ಸು ಇರೋದರಿಂದ ಅಜ್ಜಿಗೂ ಚಿಕ್ಕಜ್ಜಿಗೂ ಅನುಕೂಲ. ಮೊದಲೆಲ್ಲ "ಇಬ್ಬರು ಹೋದರೆ ಖರ್ಚು, ಗಂಡಸರೊಬ್ಬರು ಹೋಗಿ ಬರಲಿ" ಅಂತ ಮನೆಯಲ್ಲಿ ಉಳೀತಿದ್ದವರು ಈಗ ಆಧಾರ್ ಕಾರ್ಡ್ ಪರ್ಸಲ್ಲಿ ಇಟ್ಟುಕೊಂಡು ಹೊರಡ್ತಾರೆ. ಮದುವೆಗೆ ಯಾರು ಬರ್ತಾರೆ, ಯಾರು ಉಳೀತಾರೆ ಅನ್ನೋದನ್ನ ಮೊದಲು ಹೊಳೆ ತೀರ್ಮಾನ ಮಾಡ್ತಿತ್ತು, ಆಮೇಲೆ ಟಿಕೆಟ್ಟು. ಕ್ಲಾಸ್ ಗ್ರೂಪಲ್ಲಿ "ದುಡ್ಡಿಲ್ಲ, ಬರಲ್ಲ" ಅಂತ ಓದಿದಾಗ ನನಗೆ ಬೇಜಾರಾದದ್ದು ಇದಕ್ಕೇ.

ಭಾಗ 9: ಹಾಗಾದರೆ ಬರೋದು ಹೇಗೆ?

ಹುಬ್ಬಳ್ಳಿಯಿಂದ ಬರುವವರು: ಕುಮಟಾ ಬಸ್ಸು ಹತ್ತಿ. ಘಟ್ಟದ ತಿರುವಲ್ಲಿ ತಲೆಸುತ್ತು ಬರುವವರು ನಿಂಬೆಹಣ್ಣು ಇಟ್ಟುಕೊಳ್ಳಿ. ನೀವು ಹತ್ತಿಯ ದಾರಿಯಲ್ಲಿ ಇಳೀತಿದ್ದೀರಿ ಅಂತ ನೆನಪಿರಲಿ.

ಮಂಗಳೂರು, ಉಡುಪಿ ಕಡೆಯವರು: ಗೋಕರ್ಣ ರೋಡ್ ಸ್ಟೇಷನ್‌ನಲ್ಲಿ ನಿಲ್ಲುವ ರೈಲು ನೋಡಿ ಹತ್ತಿ. ಸ್ಟೇಷನ್ನಿಂದ ಊರು ಸುಮಾರು ಹತ್ತು ಕಿಲೋಮೀಟರ್. ಅಲ್ಲಿಂದ ಬಸ್ಸು ಅಥವಾ ಒಂದು ರಿಕ್ಷಾದಲ್ಲಿ ಮೂರು ಜನ.

ಒಂದು ದಿನ ಮುಂಚೆ ಬರುವವರಿಗೆ ನನ್ನ ದಾರಿ: ಕುಮಟಾದಲ್ಲಿ ಇಳಿದು ಅಘನಾಶಿನಿ ಊರಿಗೆ ಹೋಗಿ. ಅಲ್ಲಿಂದ ಬಾರ್ಜ್ ಹತ್ತಿದರೆ ಎದುರು ದಡದಲ್ಲಿ ತದಡಿ. ಬೈಕು, ಮೀನಿನ ಬುಟ್ಟಿ, ಶಾಲೆ ಮಕ್ಕಳು, ಎಲ್ಲರ ಜೊತೆ ನೀವೂ ನಿಲ್ತೀರಿ. ತದಡಿಯಿಂದ ಗೋಕರ್ಣ ಹತ್ತಿರ. ಬಾರ್ಜಿನ ಟೈಮ್ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ, ಸಂಜೆ ಗಾಳಿ ಇದ್ದರೆ ಹಟ ಮಾಡಬೇಡಿ. "ಇವತ್ತು ಆಗಲ್ಲ" ಅಂತ ದೋಣಿಯವರು ಅಂದರೆ ಆಗಲ್ಲ ಅಂತಲೇ ಅರ್ಥ. ಹೆದ್ದಾರಿ ಬಸ್ಸು ಇದ್ದೇ ಇದೆ.

ಅಜ್ಜಿ ಕುಮಟಾದಿಂದ, ಚಿಕ್ಕಜ್ಜಿ ಅಂಕೋಲೆಯಿಂದ ಬಸ್ಸಲ್ಲೇ ಬರ್ತಾರಂತೆ. ದೊಡ್ಡಪ್ಪ ಕಾರು ಕಳಿಸ್ತೇನೆ ಅಂದರೂ ಕೇಳಲಿಲ್ಲ. ಮುಹೂರ್ತ ಬೆಳಿಗ್ಗೆ ಹನ್ನೊಂದಕ್ಕೆ, ಅಜ್ಜಿ ಐದೂವರೆ ಬಸ್ಸಿಗೆ ಹೊರಡ್ತಾರಂತೆ. "ಅಷ್ಟು ಬೇಗ ಯಾಕೆ ಅಜ್ಜಿ, ಒಂದೂವರೆ ತಾಸಿನ ದಾರಿ" ಅಂದೆ. "ಹೊಳೆ ನಡುವೆ ಐತೆ" ಅಂದರು.

ನಿಮ್ಮ ಮನೆಯಲ್ಲೂ ಒಮ್ಮೆ ಕೇಳಿ: ಅಜ್ಜಿಯ ದಿಬ್ಬಣ ಯಾವುದರಲ್ಲಿ ಹೋಯ್ತು? ಎತ್ತಿನ ಗಾಡಿನಾ, ಲಾರಿನಾ, ದೋಣಿನಾ? ಉತ್ತರ ಕಾಮೆಂಟಲ್ಲಿ ಹಾಕಿ, ಮುಂದಿನ ವಾರ ಅದನ್ನೇ ಸರಣಿ ಮಾಡೋಣ. ಮದುವೆಗೆ ಬರುವವರು ಯಾವ ಬಸ್ಸು ಅಂತ ಗ್ರೂಪಲ್ಲಿ ಬರೀರಿ. "ಬರಲ್ಲ" ಅಂದ ಇಬ್ಬರೂ ಬರೀರಿ.

#ಕರಾವಳಿ_ಇತಿಹಾಸ #ತಾರಿ #ದಿಬ್ಬಣ #ಅಜ್ಜಿ_ಹೇಳಿದ್ದು